ಸಂಶೋಧನ ಭಂಡಾರವೂ ಗುಣಮಾಪನವೂ: ಮಹಾಕೂಟದ ದೃಷ್ಟಾಂತ

ವಿಶ್ವವಿದ್ಯಾಲಯದ ಕೆಲಸ ಎರಡು ಬಗೆಯದು. ಇದ್ದ ವಿದ್ಯೆಯನ್ನು ಮುಂದಿನವರಿಗೆ ಹೇಳಿಕೊಡುವುದು ಒಂದು. ತಿಳಿಯದ್ದನ್ನು ಹುಡುಕಿ, ಕಂಡುದನ್ನು ಬರೆದಿಡುವುದು ಇನ್ನೊಂದು. ಮೊದಲನೆಯ ಕೆಲಸ ಸರಿಯಾಗಿ ನಡೆಯಿತೋ ಇಲ್ಲವೋ ಎಂಬುದನ್ನು ತಿಳಿಯಲು ಪರೀಕ್ಷೆಗಳುಂಟು. ಎರಡನೆಯದಕ್ಕೆ ಬಹುಕಾಲ ಅಂಥ ಪರೀಕ್ಷೆ ಇರಲಿಲ್ಲ. ಪ್ರಬಂಧ ಬರೆದವರಿಗೆ ಪದವಿ ದೊರೆಯುತ್ತಿತ್ತು. ಪ್ರಬಂಧದ ಪ್ರತಿ ಗ್ರಂಥಾಲಯದ ಕಪಾಟನ್ನು ಸೇರುತ್ತಿತ್ತು. ಅಲ್ಲಿಗೆ ಅದರ ಕಥೆ ಮುಗಿಯುತ್ತಿತ್ತು. ಈಚಿನ ಮೂರು ನಾಲ್ಕು ದಶಕಗಳಲ್ಲಿ ಈ ಸ್ಥಿತಿ ಬದಲಾಗಿದೆ. ಸಂಶೋಧನೆಯ ಗುಣವನ್ನು ಅಳೆಯುವ ರಾಷ್ಟ್ರೀಯ ಪದ್ಧತಿಗಳು ಬಂದಿವೆ. ಅಳೆಯುವವರ ಮುಂದೆಯೂ ಓದುವವರ ಮುಂದೆಯೂ ಇಡಬೇಕಾದ ಬರಹಗಳನ್ನು ಒಂದೆಡೆ ಕೂಡಿಡುವ ಡಿಜಿಟಲ್ ಭಂಡಾರಗಳೂ ಬಂದಿವೆ. ಇವುಗಳಿಗೆ ರೆಪಾಸಿಟರಿ ಎಂಬ ಹೆಸರು ರೂಢಿಯಲ್ಲಿದೆ. ಈ ಲೇಖನದಲ್ಲಿ ನಾನು ಸಂಶೋಧನ ಭಂಡಾರವೆಂದೇ ಕರೆಯುತ್ತೇನೆ.

ಇದು ಪ್ರಾಚಾರ್ಯರಿಗೂ ಗ್ರಂಥಪಾಲಕರಿಗೂ ಸಂಬಂಧಪಟ್ಟ ಮಾತು, ವಿದ್ಯಾರ್ಥಿಗಳಾದ ನಮಗೇಕೆ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಕಳೆದ ವರ್ಷ ಇತಿಹಾಸ ವಿಭಾಗದ ನಾವು ಮೂವರು ವಿದ್ಯಾರ್ಥಿಗಳು, ಬಾದಾಮಿ ತಾಲೂಕಿನ ಮಹಾಕೂಟದ ವಿಷಯವಾಗಿ ಈವರೆಗೆ ಏನೇನು ಬರೆದಿದ್ದಾರೆಂಬುದರ ಪಟ್ಟಿಯೊಂದನ್ನು ತಯಾರಿಸಲು ತೊಡಗಿದೆವು. ಗ್ರಂಥಾಲಯದ ಕಪಾಟುಗಳಲ್ಲಿಯೂ ಅಂತರಜಾಲದ ಭಂಡಾರಗಳಲ್ಲಿಯೂ ಹುಡುಕುತ್ತ ಹೋದಂತೆ, ಸಂಶೋಧನೆ ನಡೆದಿರುವುದು ಬೇರೆ, ನಡೆದದ್ದು ಕೈಗೆ ಸಿಕ್ಕುವುದು ಬೇರೆ ಎಂಬುದು ಮನದಟ್ಟಾಯಿತು. ಮಾಪನಕ್ಕೆ ಬರುವವರ ಪಾಡೂ ಇದೇ. ಅವರಿಗೆ ಸಿಕ್ಕದ ಬರಹ ಅವರ ಲೆಕ್ಕದಲ್ಲಿ ಬರೆಯದ ಬರಹವೇ ಆಗುತ್ತದೆ. ಕಾರಣ, ನಮಗೆಲ್ಲ ಪರಿಚಿತವಾದ ಮಹಾಕೂಟವನ್ನೇ ದೃಷ್ಟಾಂತವಾಗಿಟ್ಟುಕೊಂಡು ಈ ವಿಷಯವನ್ನು ವಿವರಿಸಲು ಯತ್ನಿಸುತ್ತೇನೆ.

ಮಾಪನದ ಪದ್ಧತಿಗಳು

ಸಂಶೋಧನೆಯ ಗುಣವನ್ನು ದೇಶದ ಮಟ್ಟದಲ್ಲಿ ಅಳೆಯುವ ಕೆಲಸವನ್ನು ಬ್ರಿಟನ್ 1986ರಲ್ಲಿ ಆರಂಭಿಸಿತು. ಅಲ್ಲಿ ಆಯಾ ಶಾಸ್ತ್ರದ ತಜ್ಞರ ಮಂಡಲಿಗಳು ವಿಶ್ವವಿದ್ಯಾಲಯಗಳು ಕಳಿಸಿದ ಬರಹಗಳನ್ನು ಓದಿ ದರ್ಜೆ ಕೊಡುತ್ತವೆ. ಆ ದರ್ಜೆಯನ್ನು ನೋಡಿ ಸರಕಾರ ಸಂಶೋಧನೆಗೆ ಹಣ ಹಂಚುತ್ತದೆ. 2021ರ ಮಾಪನಕ್ಕಾಗಿ ಅಲ್ಲಿ ಒಂದು ಹೊಸ ಕಟ್ಟಳೆ ಬಂದಿತು. 2016ರ ಏಪ್ರಿಲ್ 1ರಿಂದ ಮುಂದೆ ಪ್ರಕಟಣೆಗೆ ಅಂಗೀಕೃತವಾದ ಪತ್ರಿಕಾ ಲೇಖನದ ಪ್ರತಿಯನ್ನು ಭಂಡಾರದಲ್ಲಿ ಇಟ್ಟಿರಬೇಕು; ಇಡದಿದ್ದರೆ, ಕೆಲವು ವಿನಾಯಿತಿಗಳ ಹೊರತು, ಆ ಲೇಖನ ಗಣನೆಗೆ ಬಾರದು. ಲೇಖನ ಎಷ್ಟೇ ಉತ್ತಮವಾಗಿರಲಿ, ಭಂಡಾರದಲ್ಲಿ ಇರುವುದೇ ಅದರ ಮೊದಲ ಅರ್ಹತೆಯಾಯಿತು.

ನಮ್ಮ ದೇಶದಲ್ಲಿ ಸದ್ಯ ಎರಡು ಮಾಪನಗಳ ಹೆಸರು ಎಲ್ಲರ ಬಾಯಲ್ಲಿದೆ. ಒಂದು, ವಿಶ್ವವಿದ್ಯಾಲಯ ಅನುದಾನ ಆಯೋಗವು 1994ರಲ್ಲಿ ಸ್ಥಾಪಿಸಿದ, ಬೆಂಗಳೂರಿನಲ್ಲಿ ಕೇಂದ್ರವುಳ್ಳ ನ್ಯಾಕ್ ಸಂಸ್ಥೆ. ಇನ್ನೊಂದು, 2015ರಲ್ಲಿ ಘೋಷಿತವಾಗಿ 2016ರಲ್ಲಿ ಮೊದಲ ಪಟ್ಟಿಯನ್ನು ಹೊರಡಿಸಿದ ಎನ್.ಐ.ಆರ್.ಎಫ್. ಶ್ರೇಯಾಂಕ ಪದ್ಧತಿ. ನ್ಯಾಕ್ 2017ರಲ್ಲಿ ತಂದ ಪದ್ಧತಿಯಲ್ಲಿ ಒಟ್ಟು 1,000 ಅಂಕಗಳಿದ್ದು, ಸಂಶೋಧನೆ ಹಾಗೂ ವಿಸ್ತರಣೆಯ ಭಾಗಕ್ಕೆ ವಿಶ್ವವಿದ್ಯಾಲಯಗಳಲ್ಲಿ 250 ಅಂಕಗಳನ್ನು ಇಡಲಾಯಿತು. ನಮ್ಮಂಥ ಸಂಯೋಜಿತ ಕಾಲೇಜುಗಳಿಗೆ ಇದರ ಅರ್ಧಕ್ಕೂ ಕಡಿಮೆ. ಇಲ್ಲಿ ಕಾಲೇಜು ತಾನೇ ತನ್ನ ವರದಿಯನ್ನು ಬರೆದು ಒಪ್ಪಿಸಬೇಕು. ಹೇಳಿದ ಒಂದೊಂದು ಅಂಕಿಗೂ ಆಧಾರ ತೋರಿಸಬೇಕು. ಐದು ವರ್ಷಗಳಲ್ಲಿ ಇಷ್ಟು ಲೇಖನ ಪ್ರಕಟವಾದುವೆಂದರೆ, ಅವು ಎಲ್ಲಿವೆ ಎಂಬ ಪ್ರಶ್ನೆ ಬಂದೇ ಬರುವುದು.

ಎನ್.ಐ.ಆರ್.ಎಫ್.ನ ರೀತಿ ಬೇರೆ. ಪ್ರಕಟಣೆಗಳ ಲೆಕ್ಕವನ್ನು ಅದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಎರಡು ಅಂತರರಾಷ್ಟ್ರೀಯ ಸೂಚಿಗಳಿಂದ ತೆಗೆದುಕೊಳ್ಳುತ್ತದೆ. ಈ ಸೂಚಿಗಳಲ್ಲಿ ಕನ್ನಡದ ನಿಯತಕಾಲಿಕೆಗಳು ತೀರ ವಿರಳ. ಹೀಗಾಗಿ ಕನ್ನಡದಲ್ಲಿ ಶಾಸನ, ಜಾನಪದ, ಸ್ಥಳೀಯ ಇತಿಹಾಸಗಳನ್ನು ಕುರಿತು ಬರೆಯುವ ಅಧ್ಯಾಪಕರ ಬಹುಪಾಲು ಕೆಲಸ ಆ ತಕ್ಕಡಿಗೆ ಏರುವುದೇ ಇಲ್ಲ. ನಮ್ಮಂಥ ಕಲಾ ಕಾಲೇಜುಗಳಿಗೆ ಇದು ಸಣ್ಣ ಮಾತಲ್ಲ. ಸೂಚಿಗಳಲ್ಲಿ ಇಲ್ಲದ ಬರಹ ಇದೆಯೆಂದು ತೋರಿಸಲು ನಮಗಿರುವ ಮುಖ್ಯ ದಾರಿ ನಮ್ಮದೇ ಭಂಡಾರ.

ಭಂಡಾರವೆಂದರೇನು

ಬರಹಗಳನ್ನು ಗಣಕದಲ್ಲಿ ತುಂಬಿಟ್ಟ ಮಾತ್ರಕ್ಕೆ ಭಂಡಾರವಾಗದು. ಅದಕ್ಕೆ ಮೂರು ಅಂಗಗಳಿರಬೇಕು. ಮೊದಲನೆಯದು ಬರಹದ ಪೂರ್ಣ ಪ್ರತಿ. ಎರಡನೆಯದು ಅದರ ವಿವರಪಟ್ಟಿ: ಶೀರ್ಷಿಕೆ, ಬರೆದವರು, ವಿಷಯ, ಕಾಲ, ಭಾಷೆ, ಸ್ಥಳ, ಹಕ್ಕು ಮೊದಲಾದುವು. ಇದನ್ನೇ ಮೆಟಾಡೇಟಾ ಎನ್ನುವರು. 1995ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್ ಎಂಬ ಊರಲ್ಲಿ ಕೂಡಿದ ಸಭೆಯಿಂದ ಹುಟ್ಟಿದ ಡಬ್ಲಿನ್ ಕೋರ್ ಪದ್ಧತಿಯಲ್ಲಿ ಇಂಥ 15 ಅಂಶಗಳಿದ್ದು, ಭಂಡಾರಗಳು ಬಹುಮಟ್ಟಿಗೆ ಇದನ್ನೇ ಅನುಸರಿಸುತ್ತವೆ. ಮೂರನೆಯದು ಶಾಶ್ವತ ವಿಳಾಸ. ಕಾಲೇಜಿನ ಜಾಲತಾಣ ಬದಲಾದರೂ ಬರಹದ ವಿಳಾಸ ಬದಲಾಗಬಾರದು. ಈ ಮೂರೂ ಸರಿಯಾಗಿದ್ದರೆ ಒಂದು ಭಂಡಾರದ ಪಟ್ಟಿಯನ್ನು ಇನ್ನೊಂದು ಭಂಡಾರದ ಯಂತ್ರ ತಾನಾಗಿ ಓದಿಕೊಂಡು ಹೋಗಬಲ್ಲುದು.

ಈ ಕೆಲಸದಲ್ಲಿ ಕರ್ನಾಟಕ ಹಿಂದೆ ಉಳಿದಿಲ್ಲವೆಂಬುದು ಸಂತೋಷದ ಸಂಗತಿ. ಪ್ರಬಂಧಗಳನ್ನು ಡಿಜಿಟಲ್ ರೂಪದಲ್ಲಿ ಕೂಡಿಡುವ ವಿದ್ಯಾನಿಧಿ ಎಂಬ ಯೋಜನೆ 2000ದಲ್ಲಿಯೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಭಂಡಾರವನ್ನು ತೆರೆಯಿತು; ದೇಶದ ಸಂಸ್ಥಾ ಭಂಡಾರಗಳಲ್ಲಿ ಅದು ಮೊದಲನೆಯದೆಂದು ಹೆಸರಾಗಿದೆ. 2009ರಲ್ಲಿ ಅನುದಾನ ಆಯೋಗವು ಪಿಎಚ್.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿಯನ್ನು ಒಪ್ಪಿಸಬೇಕೆಂಬ ನಿಯಮ ಮಾಡಿತು. ಆ ಪ್ರಬಂಧಗಳಿಗೆ ನೆಲೆಯಾದುದೇ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ. ಅದರಲ್ಲಿರುವ ಪ್ರತಿಯೊಂದು ಪ್ರಬಂಧಕ್ಕೂ 10603 ಎಂಬ ಅಂಕಿಯಿಂದ ಆರಂಭವಾಗುವ ಶಾಶ್ವತ ವಿಳಾಸವುಂಟು. ಮನೆಯಲ್ಲಿ ಕುಳಿತ ವಿದ್ಯಾರ್ಥಿಯೂ ದುಡ್ಡು ಕೊಡದೆ ಅದನ್ನು ಓದಬಹುದು.

ಊರಿನ ಹೆಸರು

ಈಗ ಮಹಾಕೂಟಕ್ಕೆ ಬರೋಣ. ವಿಷ್ಣು ಪುಷ್ಕರಿಣಿಯಲ್ಲಿ ಮಿಂದು ಮಹಾಕೂಟೇಶ್ವರನ ದರ್ಶನ ಮಾಡಿ ಬಂದವರು ನಮ್ಮಲ್ಲಿ ಅನೇಕರಿರುವರು. ಚಾಲುಕ್ಯ ದೊರೆ ಮಂಗಲೇಶನ ಕಾಲದ ಪ್ರಸಿದ್ಧವಾದ ಕಂಬದ ಶಾಸನ ಇದೇ ಕ್ಷೇತ್ರದ್ದು. ಸಾಮಾನ್ಯವಾಗಿ ಕ್ರಿ.ಶ. 602ರದೆಂದು ಹೇಳುವ ಆ ಸಂಸ್ಕೃತ ಶಾಸನ, ಕಲಚುರಿಗಳ ಮೇಲಿನ ಜಯವನ್ನೂ ದೇವರಿಗೆ ಹತ್ತು ಗ್ರಾಮಗಳನ್ನು ಬಿಟ್ಟುದನ್ನೂ ಹೇಳುತ್ತದೆ. ಆದರೆ ಕಂಬ ಈಗ ಮಹಾಕೂಟದಲ್ಲಿಲ್ಲ. ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ವಿಜಯಪುರದಲ್ಲಿ, ಗೋಲಗುಂಬಜದ ವಸ್ತುಸಂಗ್ರಹಾಲಯದಲ್ಲಿದೆ. ಅದು ಮಹಾಕೂಟದ್ದೆಂದು ನಮಗೆ ಇಂದು ತಿಳಿದಿರುವುದು, ಫ್ಲೀಟ್ ಎಂಬ ವಿದ್ವಾಂಸರು 1890ರ ಇಂಡಿಯನ್ ಆಂಟಿಕ್ವರಿಯಲ್ಲಿ ಅದರ ಪಾಠವನ್ನು ಸ್ಥಳದ ವಿವರದೊಡನೆ ಅಚ್ಚು ಹಾಕಿಸಿದ್ದರಿಂದ. ವಸ್ತು ಈಗ ಇರುವ ಸ್ಥಳ, ಅದು ಸೇರಿದ ಸ್ಥಳ, ಇವೆರಡನ್ನೂ ಬೇರೆ ಬೇರೆಯಾಗಿ ಬರೆಯಬೇಕೆಂಬುದು ವಿವರಪಟ್ಟಿಯ ಮೊದಲ ಪಾಠ. ಮಹಾಕೂಟದ ಕಂಬವನ್ನು ಕುರಿತ ಲೇಖನಕ್ಕೆ ಸ್ಥಳ ವಿಜಯಪುರ ಎಂದಷ್ಟೇ ಬರೆದರೆ ಬಾದಾಮಿಯ ವಿದ್ಯಾರ್ಥಿಗೆ ಅದು ಎಂದೂ ಸಿಕ್ಕದು.

ಕಾಲದ ಮಾತೂ ಹಾಗೆಯೇ. ಕಂಬದಲ್ಲಿ ಇರುವುದು ಸಿದ್ಧಾರ್ಥ ಸಂವತ್ಸರ, ಐದನೆಯ ರಾಜ್ಯವರ್ಷ ಎಂಬ ಲೆಕ್ಕ. 602 ಎಂಬುದು ವಿದ್ವಾಂಸರು ಗಣಿಸಿ ಹೇಳಿದ್ದು. ವಿವರಪಟ್ಟಿಯಲ್ಲಿ ಮೂಲದ ಮಾತೂ ಇರಬೇಕು, ಗಣಿಸಿದ ವರ್ಷವೂ ಇರಬೇಕು. ಒಂದನ್ನು ಅಳಿಸಿ ಇನ್ನೊಂದನ್ನು ಬರೆದರೆ ಮುಂದೆ ಗಣನೆಯನ್ನು ಪರೀಕ್ಷಿಸುವವನಿಗೆ ಆಧಾರ ತಪ್ಪುತ್ತದೆ.

ಊರು ಕದಲದೆ ಇದ್ದರೂ ಅದರ ಮೇಲಿನ ಹೆಸರುಗಳು ಕದಲುತ್ತ ಬಂದಿವೆ. 1881ರಲ್ಲಿ ಮಹಾಕೂಟದ ಮತ್ತೊಂದು ಶಾಸನ ಅಚ್ಚಾದಾಗ ಈ ಪ್ರದೇಶ ಕಲಾದಗಿ ಜಿಲ್ಲೆಯಲ್ಲಿದ್ದಿತು. ಆ ದಶಕದಲ್ಲಿಯೇ ಜಿಲ್ಲೆಯ ಕೇಂದ್ರ ಬಿಜಾಪುರಕ್ಕೆ ಹೋಯಿತು. 1956ರ ನವೆಂಬರ್ 1ರವರೆಗೆ ನಾವು ಮುಂಬಯಿಯವರು, ಅಲ್ಲಿಂದ 1973ರವರೆಗೆ ಮೈಸೂರು ರಾಜ್ಯದವರು, ಆಮೇಲೆ ಕರ್ನಾಟಕದವರು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಯಿತು. 2014ರಲ್ಲಿ ಬಿಜಾಪುರವು ವಿಜಯಪುರವಾಯಿತು. ಕಂಬದ ಶಾಸನದಲ್ಲಿಯೇ ದೇವರ ಹೆಸರು ಮಕುಟೇಶ್ವರನಾಥ ಎಂದಿದೆ. ಇಷ್ಟು ಹೆಸರುಗಳಲ್ಲಿ ಯಾವುದನ್ನು ಹಿಡಿದು ಹುಡುಕಬೇಕು? ನಾವು ಬಾಗಲಕೋಟೆ ಜಿಲ್ಲೆ ಎಂದು ಹುಡುಕಿದಾಗ 1997ರ ಹಿಂದಿನ ಬರಹಗಳು ಬಹುಮಟ್ಟಿಗೆ ಕಾಣಲೇ ಇಲ್ಲ. ಬಿಜಾಪುರ ಎಂದು ಹುಡುಕಿದಾಗ ಆದಿಲಶಾಹಿಯ ಬರಹಗಳ ರಾಶಿಯೇ ಮುಂದೆ ಬಂದು ನಿಂತಿತು. ಭಂಡಾರವನ್ನು ಸಿದ್ಧಗೊಳಿಸುವವರು ಒಂದು ಊರಿಗೆ ಒಂದು ಮುಖ್ಯ ಹೆಸರನ್ನು ಗೊತ್ತುಮಾಡಿ, ಉಳಿದ ಹೆಸರುಗಳನ್ನೆಲ್ಲ ಅದಕ್ಕೆ ಜೋಡಿಸಿಡಬೇಕು. ಇದನ್ನು ಮಾಡಬಲ್ಲವರು ಊರನ್ನು ಬಲ್ಲವರೇ. ದೂರದ ಯಾವ ಯಂತ್ರಕ್ಕೂ ಕಲಾದಗಿ, ಬಿಜಾಪುರ, ಬಾಗಲಕೋಟೆಗಳ ಸಂಬಂಧ ತಾನಾಗಿ ಹೊಳೆಯುವುದಿಲ್ಲ.

ಬರೆದವರ ಹೆಸರು, ಸಂಸ್ಥೆಯ ಹೆಸರು

1881ರಲ್ಲಿ ಅಚ್ಚಾಯಿತೆಂದು ಮೇಲೆ ಹೇಳಿದ ಶಾಸನ, ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆಯಾದ ವಿನಾಪೋಟಿಯದು. ಹಳಗನ್ನಡ ಗದ್ಯದಲ್ಲಿರುವ ಆ ಶಾಸನದಲ್ಲಿ ಅವಳು ಕೊಟ್ಟ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಹೊಲಗಳ ಲೆಕ್ಕ ಎಲ್ಲವೂ ಇದೆ. ಅದಕ್ಕಿಂತ ಗಮನಾರ್ಹವಾದುದು, ಅವಳ ತಾಯಿಯ ಹೆಸರನ್ನೂ ಅಜ್ಜಿಯ ಹೆಸರನ್ನೂ ಅದು ಹೇಳುತ್ತದೆಂಬುದು. ಇಂಥವಳ ಮಗಳಾದ ಇಂಥವಳ ಮಗಳು ಎಂದು ಬರೆದಮೇಲೆ ಅದೇ ಹೆಸರಿನ ಬೇರೆಯವಳೆಂಬ ಸಂಶಯಕ್ಕೆ ಎಡೆಯೆಲ್ಲಿ?

ಇಂದಿನ ಸಂಶೋಧಕರ ಹೆಸರಿಗೆ ಅಂಥ ಭದ್ರತೆ ಇಲ್ಲ. ನಮ್ಮ ಭಾಗದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರಿರುತ್ತವೆ. ಒಂದು ಲೇಖನದಲ್ಲಿ ಮೊದಲಕ್ಷರಗಳು ಮುಂದೆ, ಇನ್ನೊಂದರಲ್ಲಿ ಹಿಂದೆ. ಕನ್ನಡದಲ್ಲಿ ಒಂದು ಬಗೆ, ಇಂಗ್ಲಿಷಿನಲ್ಲಿ ಎರಡು ಮೂರು ಬಗೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಂ. ಎಂ. ಕಲಬುರ್ಗಿಯವರ ಹೆಸರನ್ನೇ ತೆಗೆದುಕೊಳ್ಳಿ. ಕಲಬುರ್ಗಿ, ಕಲಬುರಗಿ ಎಂದು ಎರಡು ಬಗೆಯಾಗಿ ಬರೆದುದನ್ನು ಕಾಣುತ್ತೇವೆ. 2014ರಲ್ಲಿ ಗುಲಬರ್ಗಾ ನಗರಕ್ಕೆ ಕಲಬುರಗಿ ಎಂಬ ಹೆಸರು ಅಧಿಕೃತವಾದ ಮೇಲಂತೂ ಹುಡುಕುವವನ ಮುಂದೆ ವಿದ್ವಾಂಸರೂ ಊರೂ ಕೂಡಿಯೇ ಬಂದು ನಿಲ್ಲುವರು. ಇಂಥ ತೊಡಕನ್ನು ನೀಗಲೆಂದು 2012ರಲ್ಲಿ ಆರ್ಕಿಡ್ ಎಂಬ 16 ಅಂಕಿಗಳ ಗುರುತು ಬಂದಿದೆ. ಸಂಶೋಧಕನು ತನ್ನ ಗುರುತನ್ನು ಒಮ್ಮೆ ಪಡೆದರೆ, ಹೆಸರನ್ನು ಹೇಗೇ ಬರೆದಿರಲಿ, ಅವನ ಬರಹಗಳೆಲ್ಲ ಒಂದೆಡೆ ಕೂಡುತ್ತವೆ. ಇದಕ್ಕೆ ಖರ್ಚೇನೂ ಇಲ್ಲ.

ಸಂಸ್ಥೆಗಳ ಹೆಸರೂ ಇದೇ ರೀತಿ. 1939ರಲ್ಲಿ ಮುಂಬಯಿ ಸರಕಾರದ ಆಶ್ರಯದಲ್ಲಿ ಧಾರವಾಡದಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆ ಮುಂದೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು. ನಮ್ಮ ಜಿಲ್ಲೆಯ ಕಾಲೇಜುಗಳು ಮೊದಲು ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದುವು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದಮೇಲೆ ಅದಕ್ಕೆ ಸೇರಿದುವು. ಆ ಬಳಿಕ ಜಿಲ್ಲೆಗೇ ಬಾಗಲಕೋಟೆ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಪ್ರತಿ ಸಲವೂ ಹಳೆಯ ಪ್ರಬಂಧಗಳು ಹಳೆಯ ಮನೆಯಲ್ಲಿಯೇ ಉಳಿಯುತ್ತವೆ. ಈ ತಾಲೂಕಿನ ಮೇಲೆ, ಈ ತಾಲೂಕಿನವರೇ ಬರೆದ ಬರಹಗಳನ್ನು ಕಾಣಲು ಮೂರು ಊರುಗಳ ಕದ ತಟ್ಟಬೇಕಾಗುತ್ತದೆ. ಪ್ರತಿಯೊಂದು ಬರಹಕ್ಕೂ ಬರೆದ ಕಾಲದ ಸಂಸ್ಥೆಯ ಹೆಸರನ್ನು ಹಾಗೆಯೇ ಇಟ್ಟು, ಕಾಲೇಜಿನ ಹೆಸರನ್ನು ಒಂದೇ ರೂಪದಲ್ಲಿ ಬರೆದರೆ ಈ ಚದುರಿದ ಕೆಲಸವನ್ನು ಮತ್ತೆ ಕೂಡಿಸಬಹುದು.

ಲಿಪಿಯ ತೊಡಕು

ಕನ್ನಡ ಪ್ರಬಂಧಗಳಿಗೆ ಇನ್ನೊಂದು ವಿಶೇಷವಾದ ತೊಡಕುಂಟು. ಬಹುಕಾಲ ನಮ್ಮಲ್ಲಿ ಬೆರಳಚ್ಚು ನಡೆದದ್ದು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ. ಕನ್ನಡವನ್ನು ಗಣಕಕ್ಕೆ ತಂದ ಉಪಕಾರ ಅವುಗಳದು; ಅದನ್ನು ಮರೆಯಲಾಗದು. ಆದರೆ ಆ ವಿನ್ಯಾಸಗಳಲ್ಲಿ ಯಂತ್ರದೊಳಗೆ ಉಳಿಯುತ್ತಿದ್ದುದು ರೋಮನ್ ಅಕ್ಷರಗಳ ಸಂಕೇತ. ಕಣ್ಣಿಗೆ ಕಾಣುತ್ತಿದ್ದುದು ಮಾತ್ರ ಕನ್ನಡದ ಆಕಾರ. ಆ ವಿನ್ಯಾಸವಿಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಮಹಾಕೂಟ ಎಂದು ಹುಡುಕಿದರೆ ಉತ್ತರವೇ ಬರುವುದಿಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವನ್ನು ಕೊಟ್ಟ ಯುನಿಕೋಡ್ 1991ರಲ್ಲಿಯೇ ಬಂದಿದ್ದರೂ ಬಳಕೆ ಅದರತ್ತ ಹೊರಳಲು ಎಷ್ಟೋ ವರ್ಷ ಹಿಡಿಯಿತು.

ಪುಟಗಳ ಚಿತ್ರ ತೆಗೆದು ಇಟ್ಟ ಪ್ರಬಂಧಗಳೂ ಉಂಟು. ಅವನ್ನು ಮನುಷ್ಯ ಓದಬಲ್ಲ, ಯಂತ್ರ ಓದಲಾರದು. ಅಚ್ಚಿನ ಅಕ್ಷರವನ್ನು ಗುರುತಿಸುವ ತಂತ್ರಾಂಶಗಳು ಈಗ ಕನ್ನಡಕ್ಕೂ ಬಂದಿವೆಯಾದರೂ ಒತ್ತಕ್ಷರಗಳಲ್ಲಿಯೂ ಹಳೆಯ ಮುದ್ರಣದಲ್ಲಿಯೂ ಎಡವುತ್ತವೆ. ತಿದ್ದುವ ಕೈ ಬೇಕೇ ಬೇಕು. ಹಳೆಯ ಪುಸ್ತಕಗಳಲ್ಲಿ ವರ್ಷವು ೬೦೨ ಎಂದು ಕನ್ನಡ ಅಂಕಿಗಳಲ್ಲಿದ್ದರೆ, 602 ಎಂದು ಹುಡುಕುವವನಿಗೆ ಸಿಕ್ಕದೆ ಹೋಗಬಹುದು. ಇಡೀ ಪ್ರಬಂಧವನ್ನು ಮತ್ತೆ ಬೆರಳಚ್ಚು ಮಾಡುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಶೀರ್ಷಿಕೆ, ಹೆಸರು, ಸ್ಥಳ, ಒಂದು ಪುಟದ ಸಾರಾಂಶ, ಇಷ್ಟನ್ನು ಯುನಿಕೋಡಿನಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿಟ್ಟರೆ ಅಡಗಿಹೋದ ಪ್ರಬಂಧ ಮತ್ತೆ ಬೆಳಕಿಗೆ ಬರುತ್ತದೆ.

ಹಕ್ಕಿನ ಮಾತು

ಸಿಕ್ಕಿದ್ದನ್ನೆಲ್ಲ ಭಂಡಾರಕ್ಕೆ ಹಾಕಲಾಗದು. ಪತ್ರಿಕೆಗೆ ಕೊಟ್ಟ ಲೇಖನದ ಅಚ್ಚಾದ ರೂಪದ ಮೇಲೆ ಪ್ರಕಾಶಕರ ಹಕ್ಕಿರಬಹುದು. ಅನೇಕ ಪ್ರಕಾಶಕರು, ಪರಿಶೀಲನೆ ಮುಗಿದು ಅಂಗೀಕೃತವಾದ ಕೊನೆಯ ಹಸ್ತಪ್ರತಿಯನ್ನು ಭಂಡಾರದಲ್ಲಿಡಲು ಒಪ್ಪುತ್ತಾರೆ. ಆದ್ದರಿಂದ ಅಧ್ಯಾಪಕರು ಆ ಪ್ರತಿಯನ್ನು ಕಳೆಯದೆ ಇಟ್ಟುಕೊಳ್ಳುವುದು ಅತ್ಯವಶ್ಯ. ಜನರ ಸಂದರ್ಶನ, ಖಾಸಗಿ ಕಾಗದಪತ್ರಗಳನ್ನು ಬಳಸಿದ್ದಲ್ಲಿ ಅವರ ಒಪ್ಪಿಗೆಯೂ ಬೇಕು. ಪೂರ್ಣ ಪ್ರತಿಯನ್ನು ತೆರೆದಿಡಲು ಬಾರದ ಕಡೆ ವಿವರಪಟ್ಟಿಯನ್ನಾದರೂ ತೆರೆದಿಡಬಹುದು.

ಆಸ್ಟ್ರೇಲಿಯದ ಪಾಠ

ಮಾಪನ ಹತ್ತಿರ ಬಂದಾಗ ಕಾಲೇಜುಗಳಲ್ಲಿ ಕಾಗದಪತ್ರಗಳಿಗಾಗಿ ಓಡಾಟ ಆರಂಭವಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮಾಪನಕ್ಕಾಗಿ ಭಂಡಾರವೋ, ಭಂಡಾರವಿದ್ದುದರಿಂದ ಮಾಪನ ಸುಲಭವೋ ಎಂಬ ಪ್ರಶ್ನೆಗೆ ಆಸ್ಟ್ರೇಲಿಯದಲ್ಲಿ ನಡೆದ ಸಂಗತಿ ಒಳ್ಳೆಯ ಉತ್ತರ ಕೊಡುತ್ತದೆ. ಅಲ್ಲಿ ರಿಸರ್ಚ್ ಕ್ವಾಲಿಟಿ ಫ್ರೇಮ್‌ವರ್ಕ್ ಎಂಬ ಮಾಪನವನ್ನು ತರಲು ಸರಕಾರ ಯೋಜಿಸಿತು. ತಜ್ಞರು ಬರಹಗಳನ್ನು ತಮ್ಮ ಊರಲ್ಲಿಯೇ ಕುಳಿತು ಓದಬೇಕಾದರೆ ಪ್ರತಿ ವಿಶ್ವವಿದ್ಯಾಲಯಕ್ಕೂ ಭಂಡಾರ ಬೇಕು. ಅದಕ್ಕಾಗಿ 2007ರಿಂದ 2009ರವರೆಗೆ ಮೂರು ವರ್ಷಗಳಿಗೆ 2 ಕೋಟಿ 55 ಲಕ್ಷ ಆಸ್ಟ್ರೇಲಿಯನ್ ಡಾಲರುಗಳನ್ನು ತೆಗೆದಿರಿಸಲಾಯಿತು. ಅಷ್ಟರಲ್ಲಿ ಸರಕಾರ ಬದಲಾಗಿ, 2007ರ ಡಿಸೆಂಬರಿನಲ್ಲಿ ಆ ಮಾಪನವೇ ರದ್ದಾಯಿತು. ಆದರೆ ಭಂಡಾರಗಳು ವ್ಯರ್ಥವಾಗಲಿಲ್ಲ. 2010ರಲ್ಲಿ ಬೇರೊಂದು ಹೆಸರಿನ ಮಾಪನ ನಡೆದಾಗ ಅವೇ ನೆರವಿಗೆ ಬಂದುವು. ಆ ಹೊಸ ಮಾಪನದ 2023ರ ಸುತ್ತು ಕೂಡ ರದ್ದಾಯಿತು. ಭಂಡಾರಗಳು ಇಂದಿಗೂ ಇವೆ.

ನಮ್ಮಲ್ಲಿಯೂ ನಿಯಮಗಳು ಸ್ಥಿರವಾಗಿ ನಿಂತಿಲ್ಲ. ಯಾವ ಪತ್ರಿಕೆಯಲ್ಲಿ ಬಂದ ಲೇಖನ ಎಣಿಕೆಗೆ ಬರುವುದೆಂದು ತೋರಿಸುತ್ತಿದ್ದ ಅನುದಾನ ಆಯೋಗದ ಕೇರ್ ಪಟ್ಟಿ 2025ರಲ್ಲಿ ನಿಂತುಹೋಯಿತು. ಪಟ್ಟಿಯನ್ನೇ ನಂಬಿ ಬರೆದವರಿಗೆ ಇದರಿಂದ ಕಳವಳವಾಗಿರಬಹುದು. ತಕ್ಕಡಿ ಬದಲಾಗುತ್ತಲೇ ಇರುತ್ತದೆ. ತೂಗಬೇಕಾದ ಧಾನ್ಯ ಕಣಜದಲ್ಲಿ ಕೆಡದೆ ಇದ್ದರೆ ಯಾವ ತಕ್ಕಡಿ ಬಂದರೂ ಚಿಂತೆಯಿಲ್ಲ. ಆದ್ದರಿಂದ ಭಂಡಾರವನ್ನು ಸಿದ್ಧಗೊಳಿಸುವಾಗ ಮಾಪಕರ ಇಂದಿನ ನಮೂನೆಯೊಂದನ್ನೇ ನೋಡದೆ, ಮುಂದೆ ಓದಲು ಬರುವವನ ಅವಶ್ಯಕತೆಯನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ಓದುಗನಿಗೆ ಸುಲಭವಾಗಿ ಸಿಕ್ಕುವ ಬರಹ ಮಾಪಕನಿಗೂ ಸಿಕ್ಕುತ್ತದೆ. ಅಂಕಗಳಿಗಾಗಿಯೇ ಅವಸರದಿಂದ ತುಂಬಿದ ಭಂಡಾರದಿಂದ ಮಾಪಕ ಹೋದಮೇಲೆ ಯಾರಿಗೂ ಪ್ರಯೋಜನವಿಲ್ಲ.

ನಾವು ಮಾಡಬಹುದಾದದ್ದು

ಸರಕಾರಿ ಕಲಾ ಕಾಲೇಜೊಂದು ದೊಡ್ಡ ಯಂತ್ರಗಳನ್ನು ಕೊಳ್ಳಲಾರದು. ಆದರೂ ಈ ಕೆಲಸಗಳು ನಮ್ಮ ಕೈಯಲ್ಲಿವೆ. ಅಧ್ಯಾಪಕರ ಪ್ರಕಟಿತ ಬರಹಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಅಲ್ಲ, ಬರಹ ಹೊರಬಂದ ತಿಂಗಳಲ್ಲಿಯೇ ಬರೆದಿಡುವುದು. ಕಾಲೇಜಿನ ಹೆಸರನ್ನು ಎಲ್ಲರೂ ಒಂದೇ ರೀತಿಯಲ್ಲಿ ಬರೆಯುವುದು. ವಿದ್ಯಾರ್ಥಿಗಳ ಕಿರು ಪ್ರಬಂಧಗಳಲ್ಲಿ ಉತ್ತಮವಾದುವನ್ನು ಅಧ್ಯಾಪಕರು ಆರಿಸಿ, ಬರೆದವರ ಒಪ್ಪಿಗೆ ಪಡೆದು, ಯುನಿಕೋಡಿನ ಸಾರಾಂಶದೊಡನೆ ಕೂಡಿಡುವುದು. ನಮ್ಮ ತಾಲೂಕಿನ ಊರು, ಗುಡಿ, ಶಾಸನಗಳ ಹೆಸರುಗಳ ಬೇರೆ ಬೇರೆ ರೂಪಗಳನ್ನು ಒಂದು ಪಟ್ಟಿಯಲ್ಲಿ ಜೋಡಿಸುವುದು. ಕೊನೆಯ ಕೆಲಸಕ್ಕೆ ಇತಿಹಾಸ, ಕನ್ನಡ, ಭೂಗೋಲ ಈ ಮೂರೂ ವಿಭಾಗಗಳ ವಿದ್ಯಾರ್ಥಿಗಳು ಕೂಡಿದರೆ ಅದೇ ಒಂದು ಒಳ್ಳೆಯ ಸಂಶೋಧನೆಯಾದೀತು.

ನಾವು ಮೂವರು ತಯಾರಿಸಿದ ಮಹಾಕೂಟದ ಪಟ್ಟಿ ಇನ್ನೂ ಅಪೂರ್ಣ. ಅದರ ಪ್ರತಿಯನ್ನು ಗ್ರಂಥಾಲಯದಲ್ಲಿ ಇಟ್ಟಿದ್ದೇವೆ. ಮನೆಯಲ್ಲಿ ಹಳೆಯ ಲೇಖನ, ಸ್ಮರಣ ಸಂಚಿಕೆ, ಪ್ರಬಂಧಗಳಿದ್ದವರು ಅವುಗಳ ಹೆಸರು, ಬರೆದವರು, ವರ್ಷ ಇವಿಷ್ಟನ್ನು ಅದರಲ್ಲಿ ಸೇರಿಸಬೇಕೆಂದು ಸಹಪಾಠಿಗಳನ್ನೂ ಗುರುಗಳನ್ನೂ ಕೇಳಿಕೊಳ್ಳುತ್ತೇನೆ. ಪಟ್ಟಿಯ ಕೊನೆಗೆ ಖಾಲಿ ಹಾಳೆಗಳನ್ನು ಬಿಟ್ಟಿದೆ.